ಬ್ರೌನ್‌ಸ್ಟೋನ್: ಕಲ್ಲು, ಮನೆ ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರೂಕ್ಲಿನ್‌ನ ಒಂದು ಬ್ರೌನ್‌ಸ್ಟೋನ್ ಮನೆಯ ಕೆಳಮಹಡಿಗೆ ನಾನು ಬಾಡಿಗೆಗೆ ಬಂದು ಹನ್ನೊಂದು ವರ್ಷವಾಯಿತು. ನನ್ನ ಊರು ಬಾದಾಮಿಯ ಹತ್ತಿರ. ಮರಳುಗಲ್ಲಿನ ಗುಡ್ಡ ನೋಡುತ್ತಾ ಬೆಳೆದವನು ಮರಳುಗಲ್ಲಿನ ಬೀದಿಗೇ ಬಂದು ಸೇರಿದ ಹಾಗಾಯಿತು. ಊರಿಗೆ ಫೋಟೋ ಕಳಿಸಿದಾಗ, ನೆಂಟರು ಬಂದು ಉಳಿದಾಗ, ಇಲ್ಲಿ ಮನೆ ಕೊಳ್ಳಬೇಕೆಂದಿರುವ ಸ್ನೇಹಿತರು ಫೋನ್ ಮಾಡಿದಾಗ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಸುಲಭದವು, ಕೊನೆಗೆ ರಿಪೇರಿಯವು.

## ಮೊದಲಿಗೆ

ಬ್ರೌನ್‌ಸ್ಟೋನ್ ಅಂದ್ರೆ ಕಲ್ಲಿನ ಹೆಸರೋ, ಮನೆಯ ಹೆಸರೋ?

ಎರಡೂ ಹೌದು. ಮೊದಲು ಅದು ಕಲ್ಲಿನ ಹೆಸರು, ಕಂದು ಬಣ್ಣದ ಒಂದು ಮರಳುಗಲ್ಲು. 19ನೇ ಶತಮಾನದ ನಡುಭಾಗದಿಂದ ನ್ಯೂಯಾರ್ಕ್‌ನಲ್ಲೂ ಬ್ರೂಕ್ಲಿನ್‌ನಲ್ಲೂ ಈ ಕಲ್ಲಿನ ಮುಖವಿರುವ ಮನೆಗಳು ಬೀದಿಗಟ್ಟಲೆ ಎದ್ದವು. ಆಗ ಅವೆರಡು ಬೇರೆ ಬೇರೆ ನಗರಗಳು, 1898ರಲ್ಲಿ ಒಂದಾದವು. ಹಾಗೆ ಕಲ್ಲಿನ ಹೆಸರು ಮನೆಗೂ ಅಂಟಿಕೊಂಡಿತು. ಈಗ ಇಟ್ಟಿಗೆಯದೋ ಸುಣ್ಣಕಲ್ಲಿನದೋ ಮುಖವಿರುವ ಹಳೆಯ ಸಾಲುಮನೆಯನ್ನೂ ಜನ ಬ್ರೌನ್‌ಸ್ಟೋನ್ ಅಂದುಬಿಡುತ್ತಾರೆ. ಜಾಹೀರಾತಿನಲ್ಲಿ ಈ ಪದ ಕಂಡರೆ ಮನೆಯ ಮುಂದೆ ನಿಂತು ಕಣ್ಣಾರೆ ನೋಡಿಯೇ ನಂಬಬೇಕು.

ಆ ಕಂದು ಬಣ್ಣ ಪೇಂಟಾ, ಕಲ್ಲಿಂದೇನಾ?

ಕಲ್ಲಿನದೇ. ಮರಳಿನ ಕಣಗಳ ನಡುವೆ ಕಬ್ಬಿಣದ ಅಂಶವಿದೆ, ಅದು ತುಕ್ಕಿನ ಬಣ್ಣಕ್ಕೆ ತಿರುಗಿದೆ. ಕೆಮ್ಮಣ್ಣಿಗೆ ಕೆಂಪು ಬರುವುದೂ ಹೀಗೇ. ಮಳೆ ಬಂದಾಗ ನೋಡಬೇಕು. ಒಣಗಿದ್ದಾಗ ಹುರಿಗಡಲೆ ಸಿಪ್ಪೆಯ ಬಣ್ಣವಿರುವ ಗೋಡೆ, ಒದ್ದೆಯಾದ ಕೂಡಲೇ ಬೆಲ್ಲದ ಪಾಕದಂತೆ ಕಪ್ಪಾಗಿ ಹೊಳೆಯುತ್ತದೆ. ನನಗೆ ಈ ಮನೆ ಇಷ್ಟವಾಗಿದ್ದೇ ಅಂಥ ಒಂದು ಮಳೆಯ ಸಂಜೆ.

ಇಡೀ ಮನೆ ಕಲ್ಲಲ್ಲೇ ಕಟ್ಟಿರ್ತಾರಾ? ಗೋಡೆ ಎಷ್ಟು ದಪ್ಪ ಇರುತ್ತೆ?

ಇಲ್ಲ. ಮನೆ ಇಟ್ಟಿಗೆಯದು. ಬೀದಿಗೆ ಕಾಣುವ ಮುಂಗೋಡೆಗೆ ಮಾತ್ರ ಸುಮಾರು 4ರಿಂದ 6 ಇಂಚು ದಪ್ಪದ ಕಲ್ಲಿನ ಹಲಗೆಗಳನ್ನು ಹೊದಿಸಿರುತ್ತಾರೆ. ಹಿತ್ತಲಿಗೆ ಹೋಗಿ ನೋಡಿದರೆ ಬರೀ ಇಟ್ಟಿಗೆ.

ಮಹಡಿಯ ಭಾರ ಮುಂಗೋಡೆಯ ಮೇಲೆ ಬೀಳುವುದೂ ಕಡಿಮೆ. ಅಕ್ಕಪಕ್ಕದ ಎರಡು ಗೋಡೆಗಳ ಮೇಲೆ ಮರದ ತೊಲೆಗಳು ಅಡ್ಡಡ್ಡ ಕೂತಿರುತ್ತವೆ, ಭಾರವೆಲ್ಲ ಆ ಗೋಡೆಗಳದು. ಪಕ್ಕದ ಮನೆಗೂ ನಮಗೂ ಸಾಮಾನ್ಯವಾಗಿ ಒಂದೇ ಗೋಡೆ. ನಮ್ಮ ವಠಾರದ ಮನೆಗಳ ಹಾಗೆ ಮೈಗೆ ಮೈ ಅಂಟಿಸಿಕೊಂಡು ನಿಂತಿರುತ್ತವೆ. ಮನೆಯ ಅಗಲ ಈ ತೊಲೆಯ ಉದ್ದದ ಮೇಲೇ ನಿಂತಿದೆ, 16ರಿಂದ 25 ಅಡಿ, ಅದಕ್ಕಿಂತ ಜಾಸ್ತಿ ಅಪರೂಪ. ನಿವೇಶನ ಸಾಮಾನ್ಯವಾಗಿ 100 ಅಡಿ ಉದ್ದ.

ಬಾಗಿಲಿಗೆ ಹೋಗೋಕೆ ಅಷ್ಟೊಂದು ಮೆಟ್ಟಿಲು ಯಾಕೆ? ವಯಸ್ಸಾದವರು ಏನು ಮಾಡ್ತಾರೆ?

ಆ ಮೆಟ್ಟಿಲಿಗೆ ಇಲ್ಲಿ ‘ಸ್ಟೂಪ್’ ಅನ್ನುತ್ತಾರೆ. ಡಚ್ಚರ ಮಾತು. ನ್ಯೂಯಾರ್ಕ್ ಮೊದಲು ಡಚ್ಚರ ಊರಾಗಿತ್ತಲ್ಲ, ಅವರು ಬಿಟ್ಟುಹೋದ ಪದ ಇದು.

ಅಷ್ಟೆತ್ತರಕ್ಕೆ ಕಾರಣ ಮನೆಯ ಒಳಗಿನ ಏರ್ಪಾಡು. 1811ರಲ್ಲಿ ಮ್ಯಾನ್‌ಹ್ಯಾಟನ್‌ಗೆ ಚೌಕಚೌಕವಾಗಿ ಬೀದಿಗಳ ನಕ್ಷೆ ಹಾಕಿದಾಗ ಮನೆಗಳ ಹಿಂದೆ ಓಣಿ ಬಿಡಲಿಲ್ಲ. ಬ್ರೂಕ್ಲಿನ್‌ನ ಸಾಲುಮನೆಗಳಲ್ಲೂ ಹಿತ್ತಲಿಗೆ ಹಿತ್ತಲು ತಾಗಿರುತ್ತದೆ. ಹಾಗಾಗಿ ಹಾಲು, ಸೌದೆ, ಕಲ್ಲಿದ್ದಲು, ಕಸ ಎಲ್ಲವೂ ಮುಂದಿನಿಂದಲೇ ಓಡಾಡಬೇಕು. ಅದಕ್ಕೆ ಎರಡು ಬಾಗಿಲು ಮಾಡಿದರು. ಮನೆಯವರಿಗೂ ಅತಿಥಿಗಳಿಗೂ ಮೆಟ್ಟಿಲ ಮೇಲಿನ ದೊಡ್ಡ ಬಾಗಿಲು. ಆಳುಗಳಿಗೂ ಸಾಮಾನು ತರುವವರಿಗೂ ಮೆಟ್ಟಿಲ ಅಡಿಯಲ್ಲಿ ಬಗ್ಗಿ ಹೋಗುವ ಸಣ್ಣ ಬಾಗಿಲು. ನಾನು ದಿನಾ ಬೀಗ ತೆಗೆಯುವುದು ಆ ಸಣ್ಣ ಬಾಗಿಲಿನದು. ಐರ್ಲೆಂಡಿನಿಂದ ಬಂದ ಎಷ್ಟೋ ಹುಡುಗಿಯರು ಇಂಥ ಬಾಗಿಲುಗಳಿಂದ ಅಡುಗೆಕೋಣೆಗೆ ನಡೆದರು.

ವಯಸ್ಸಾದವರಿಗೆ ಕಷ್ಟವೇ. ಆದರೆ ಸ್ಟೂಪ್ ಇಲ್ಲದ ಬೀದಿ ಬೇರೆಯೇ ಬೀದಿ. ಸಂಜೆ ಹೊತ್ತು ಜನ ಅಲ್ಲಿ ಕೂತು ಮಾತಾಡುತ್ತಾರೆ, ಮಕ್ಕಳು ಆಡುತ್ತಾರೆ. ನಮ್ಮ ಮನೆ ಮುಂದಿನ ಕಟ್ಟೆ ಮಾಡುವ ಕೆಲಸವನ್ನೆಲ್ಲ ಅದು ಮಾಡುತ್ತದೆ. ಹೋದ ಬೇಸಿಗೆಯಲ್ಲಿ ಅಮ್ಮ ಬಂದಿದ್ದಾಗ ಮೂರನೇ ದಿನಕ್ಕೇ ಮೇಲಿಂದ ಎರಡನೇ ಮೆಟ್ಟಿಲಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದರು. ಪಕ್ಕದ ಮನೆಯಾಕೆ ಬಂದು ಕೈಜೋಡಿಸಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ.

ಒಳಗೆ ಹೇಗಿರುತ್ತೆ? ಕತ್ತಲೆ ಅಲ್ವಾ?

ನಡುವಿನ ಕೋಣೆಗಳು ಕತ್ತಲೆಯೇ. ಬೆಳಕು ಬರುವುದು ಮುಂದಿನಿಂದ ಮತ್ತು ಹಿಂದಿನಿಂದ ಮಾತ್ರ, ಪಕ್ಕಕ್ಕೆ ಕಿಟಕಿಯೇ ಇಲ್ಲ. ಸ್ಟೂಪ್ ಹತ್ತಿ ಒಳಗೆ ಹೋದರೆ ಸಿಗುವುದು ಪಾರ್ಲರ್ ಮಹಡಿ, ಅಂದರೆ ಅತಿಥಿಗಳನ್ನು ಕೂರಿಸುವ ಹಜಾರ. ಅದೇ ಮನೆಯ ಹೆಮ್ಮೆ. ಎತ್ತರದ ಚಾವಣಿ, ನೆಲದವರೆಗೆ ಇಳಿದ ಕಿಟಕಿ, ಅಮೃತಶಿಲೆಯ ಅಗ್ಗಿಷ್ಟಿಕೆ, ಗೋಡೆಯೊಳಗೆ ಸರಿದು ಮರೆಯಾಗುವ ಬಾಗಿಲುಗಳು. ಕಿಟಕಿಗಳ ನಡುವೆ ಆಳೆತ್ತರದ ಕನ್ನಡಿ ಇಡುತ್ತಿದ್ದರು, ಇದ್ದಷ್ಟು ಬೆಳಕು ಇಮ್ಮಡಿಯಾಗಲಿ ಅಂತ. ಅದರ ಮೇಲೆ ಮಲಗುವ ಕೋಣೆಗಳು. ಪಾರ್ಲರಿನ ಕೆಳಗೆ, ಬೀದಿಯಿಂದ ಒಂದೆರಡು ಮೆಟ್ಟಿಲು ಇಳಿದರೆ, ಹಿತ್ತಲಿಗೆ ತೆರೆದುಕೊಂಡ ಮಹಡಿ. ಮೊದಲು ಅಡುಗೆಮನೆ ಅಲ್ಲಿತ್ತು. ಈಗ ಅದನ್ನು ‘ಗಾರ್ಡನ್ ಫ್ಲೋರ್’ ಅಂದು ಬಾಡಿಗೆಗೆ ಕೊಡುತ್ತಾರೆ.

## ಕಲ್ಲಿನ ಹುಟ್ಟು, ಮನೆಗಳ ಕಥೆ

ಈ ಕಲ್ಲು ಎಲ್ಲಿ ಸಿಗ್ತಿತ್ತು? ನ್ಯೂಯಾರ್ಕಲ್ಲೇ ಗಣಿ ಇತ್ತಾ?

ಹೊರಗಿನಿಂದ ಬಂದದ್ದು. ಅತಿ ಹೆಸರಾದದ್ದು ಕನೆಕ್ಟಿಕಟ್ ರಾಜ್ಯದ ಪೋರ್ಟ್‌ಲ್ಯಾಂಡ್ ಊರಿನ ಕಲ್ಲು. ಆ ಗಣಿಗಳು ಕನೆಕ್ಟಿಕಟ್ ನದಿಯ ದಡದಲ್ಲೇ ಇದ್ದವು. ಕಲ್ಲು ಎತ್ತುವುದು, ದೋಣಿಗೆ ಹೇರುವುದು, ನದಿಯಲ್ಲಿ ಇಳಿದು ಕಡಲಂಚಿನಲ್ಲೇ ನ್ಯೂಯಾರ್ಕ್ ಸೇರುವುದು, ಅಷ್ಟೇ. ಅಗ್ಗವಾಗಿದ್ದಕ್ಕೆ ಮುಖ್ಯ ಕಾರಣ ಈ ನೀರಿನ ದಾರಿ. ಕಲ್ಲು ಮೆದು, ಕೊರೆಯುವುದು ಸುಲಭ, ಉಗಿಯಂತ್ರದಿಂದ ಕೊಯ್ಯುವುದೂ ಬಂತು. ಅಮೃತಶಿಲೆಗೆ ದುಡ್ಡಿಲ್ಲದವರಿಗೆ ಇದು ದೊರೆತ ಕಲ್ಲು. ಗಣಿಯಲ್ಲಿ ದುಡಿದವರು ಮೊದಲು ಐರಿಷರು, ಆಮೇಲೆ ಸ್ವೀಡನ್ನಿನವರು.

ನ್ಯೂಜೆರ್ಸಿಯಲ್ಲೂ ಗಣಿಗಳಿದ್ದವು. ವಾಲ್ ಸ್ಟ್ರೀಟಿನ ತುದಿಯಲ್ಲಿರುವ ಟ್ರಿನಿಟಿ ಚರ್ಚಿನ ಕಲ್ಲು ಅಲ್ಲಿನ ಲಿಟ್ಲ್ ಫಾಲ್ಸ್‌ನದು. ರಿಚರ್ಡ್ ಅಪ್‌ಜಾನ್ ಅದನ್ನು ಕಟ್ಟಿ ಮುಗಿಸಿದ್ದು 1846ರಲ್ಲಿ. ಆ ಚರ್ಚು ನೋಡಿದ ಮೇಲೆ ಈ ಕಲ್ಲಿನ ಮೇಲೆ ಊರಿನ ಆಸೆ ಇನ್ನೂ ಹೆಚ್ಚಿತು.

ಪೋರ್ಟ್‌ಲ್ಯಾಂಡಿನ ಪದರಗಳು ಸುಮಾರು 20 ಕೋಟಿ ವರ್ಷ ಹಳೆಯವು. ಖಂಡಗಳು ಬೇರೆಯಾಗುತ್ತಿದ್ದ ಕಾಲ. ನೆಲ ಕುಸಿದು ಉದ್ದನೆಯ ತಗ್ಗುಗಳಾದವು, ಹೊಳೆಗಳು ಮರಳು, ಕೆಸರು ತಂದು ಅವುಗಳನ್ನು ತುಂಬಿದವು. ಆ ಕೆಸರಿನಲ್ಲಿ ಡೈನೋಸಾರ್‌ಗಳು ನಡೆದಾಡಿದವು. ಗಣಿಯಲ್ಲಿ ಹಲಗೆ ಎಬ್ಬಿಸಿದಾಗ ಮೂರು ಬೆರಳಿನ ಹೆಜ್ಜೆಗುರುತುಗಳು ಸಿಕ್ಕಿವೆ.

ಪೋರ್ಟ್‌ಲ್ಯಾಂಡ್ ಸಿಮೆಂಟು ಅಂತಾರಲ್ಲ, ಅದು ಈ ಊರಿನದೇನಾ?

ಅಲ್ಲ. ಇಂಗ್ಲೆಂಡಿನಲ್ಲಿ ಪೋರ್ಟ್‌ಲ್ಯಾಂಡ್ ಎಂಬ ಜಾಗವಿದೆ, ಅಲ್ಲಿನ ಕಟ್ಟಡದ ಕಲ್ಲು ಹೆಸರುವಾಸಿ. 1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ತನ್ನ ಸಿಮೆಂಟಿಗೆ ಪೇಟೆಂಟ್ ಪಡೆದಾಗ, ಗಟ್ಟಿಯಾದ ಮೇಲೆ ಆ ಕಲ್ಲಿನ ಹಾಗೆ ಕಾಣುತ್ತದೆಂದು ಹೆಸರಿಟ್ಟ. ಕನೆಕ್ಟಿಕಟ್‌ನ ಊರಿಗೂ ಆ ಇಂಗ್ಲಿಷ್ ಜಾಗದ ಹೆಸರನ್ನೇ ಇಟ್ಟರು.

ಅದೇ ಗಣಿಯಿಂದ ಈಗಲೂ ಕಲ್ಲು ತರಿಸಬಹುದಾ?

ಆಗುವುದಿಲ್ಲ. ಬೇಡಿಕೆ ಮೊದಲೇ ಇಳಿದಿತ್ತು. 1936ರ ಪ್ರವಾಹ, 1938ರ ಚಂಡಮಾರುತ ಬಂದು ಗಣಿಗಳು ನೀರಿನಲ್ಲಿ ಮುಳುಗಿದವು. 1990ರ ದಶಕದಲ್ಲಿ ಸಣ್ಣ ಪ್ರಮಾಣದಲ್ಲಿ ಮತ್ತೆ ಕಲ್ಲು ತೆಗೆಯಲು ಶುರುಮಾಡಿದರು. 2012ರಲ್ಲಿ ಅದೂ ನಿಂತಿತು. ಈಗ ಆ ಹಳ್ಳದಲ್ಲಿ ಕೆರೆಯಂತೆ ನೀರು ನಿಂತಿದೆ, ಜನ ಈಜಲು, ಹಗ್ಗಕ್ಕೆ ಜೋತು ಜಾರಲು ಹೋಗುತ್ತಾರೆ. ರಿಪೇರಿಗೆ ನಿಜವಾದ ಕಲ್ಲೇ ಬೇಕೆಂದರೆ ಕೆಡವಿದ ಮನೆಗಳ ಹಳೆಯ ಕಲ್ಲು ಹುಡುಕಬೇಕು, ಇಲ್ಲವೇ ಬಣ್ಣ ಹೊಂದುವ ಬೇರೆ ಕಡೆಯ ಮರಳುಗಲ್ಲು ತರಿಸಬೇಕು.

ನ್ಯೂಯಾರ್ಕ್ ಬಿಟ್ಟು ಬೇರೆ ಕಡೆ ಇಲ್ವಾ?

ಇವೆ. ನಮ್ಮವರು ಜಾಸ್ತಿ ಇರುವ ಜರ್ಸಿ ಸಿಟಿ, ಪಕ್ಕದ ಹೊಬೊಕೆನ್, ಬಾಸ್ಟನ್ನಿನ ಬ್ಯಾಕ್ ಬೇ. ಪೆನ್ಸಿಲ್ವೇನಿಯಾದ ಹಮಲ್ಸ್‌ಟೌನ್‌ನಲ್ಲೂ ಸುಪೀರಿಯರ್ ಸರೋವರದ ದಂಡೆಯಲ್ಲೂ ಬೇರೆ ಕಂದು ಮರಳುಗಲ್ಲಿನ ಗಣಿಗಳಿದ್ದವು. ಆದರೆ ಬೀದಿಗೆ ಬೀದಿಯೇ ಹೀಗಿರುವುದು ನೋಡಬೇಕಾದರೆ ಬ್ರೂಕ್ಲಿನ್‌ನ ಪಾರ್ಕ್ ಸ್ಲೋಪ್, ಫೋರ್ಟ್ ಗ್ರೀನ್, ಬೆಡ್‌ಫರ್ಡ್-ಸ್ಟೈವಸಂಟ್, ಇಲ್ಲವೇ ಮ್ಯಾನ್‌ಹ್ಯಾಟನ್ನಿನ ಹಾರ್ಲೆಮ್‌ಗೆ ಬನ್ನಿ.

ಇವು ಮೊದಲಿಂದ ಶ್ರೀಮಂತರ ಮನೆಗಳೇನಾ? ಈಗ ಯಾಕೆ ಅಷ್ಟು ದುಬಾರಿ?

ಇದಕ್ಕೆ ಸ್ವಲ್ಪ ಉದ್ದ ಹೇಳಬೇಕು. ಹೆಚ್ಚಿನವು ಮಧ್ಯಮ ವರ್ಗದಲ್ಲಿ ಅನುಕೂಲಸ್ಥರಾದವರ ಮನೆಗಳು. ಬಿಲ್ಡರ್‌ಗಳು ಒಂದೇ ನಕ್ಷೆಯಲ್ಲಿ ಐದು, ಎಂಟು, ಹತ್ತು ಮನೆಗಳನ್ನು ಸಾಲಾಗಿ ಕಟ್ಟಿ ಮಾರುತ್ತಿದ್ದರು. ಸಾಲಿನ ಮನೆಗಳೆಲ್ಲ ಒಂದೇ ಥರ ಇರುವುದು ಅದಕ್ಕೇ. 1893ರ ಷಿಕಾಗೋ ವಿಶ್ವಮೇಳದ ಬಿಳಿ ಕಟ್ಟಡಗಳನ್ನು ನೋಡಿದ ಮೇಲೆ ಜನರ ಅಭಿರುಚಿ ತಿರುಗಿತು. ತಿಳಿಬಣ್ಣದ ಸುಣ್ಣಕಲ್ಲು ಬೇಕೆಂದರು, ಕಂದು ಕಲ್ಲು ಹಳೆಯದಾಯಿತು.

ಆಮೇಲೆ ಹಣವಂತರು ಅಪಾರ್ಟ್‌ಮೆಂಟಿಗೋ ಊರಾಚೆಗೋ ಹೋದರು. ಮನೆಗಳನ್ನು ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಟ್ಟರು. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆ ತಯಾರಿಸಿ, ಸಾಲ ಕೊಡುವುದು ಅಪಾಯವೆಂದು ಕೆಲವು ಬಡಾವಣೆಗಳಿಗೆ ಕೆಂಪು ಬಳಿಯಿತು. ಕಪ್ಪು ಜನರಿದ್ದ ಬಡಾವಣೆಗಳಿಗೆ ಹೆಚ್ಚಾಗಿ ಆ ಗತಿಯೇ ಬಂತು, ಬೆಡ್‌ಫರ್ಡ್-ಸ್ಟೈವಸಂಟ್‌ಗೂ ಬಂತು. ನಮ್ಮ ಮನೆ ಓನರ್ ಅಮ್ಮನ ತಂದೆ ದಕ್ಷಿಣದ ರಾಜ್ಯದಿಂದ ಬಂದು 1950ರ ದಶಕದಲ್ಲಿ ಈ ಮನೆ ಕೊಂಡವರು. ಬ್ಯಾಂಕು ಸಾಲ ಕೊಡಲಿಲ್ಲ. ನೆಂಟರಿಷ್ಟರಿಂದ ಕೈಗಡ ತಂದು, ಎರಡು ಮಹಡಿ ಬಾಡಿಗೆಗೆ ಕೊಟ್ಟು ಸಾಲ ತೀರಿಸಿದರಂತೆ. ಬಾಡಿಗೆ ಬರೆದಿಟ್ಟ ಅವರ ಪುಸ್ತಕವನ್ನು ಆಕೆ ನನಗೆ ತೋರಿಸಿದ್ದಾರೆ, ಪೆನ್ಸಿಲ್ ಅಕ್ಷರ, ವಾರವಾರದ ಲೆಕ್ಕ. ಯಾರೂ ದುಡ್ಡು ಹಾಕದ ಕಾಲದಲ್ಲಿ ಇಂಥವರು ಸೂರು ಸೋರದಂತೆ ನೋಡಿಕೊಂಡಿದ್ದಕ್ಕೇ ಈ ಬೀದಿಗಳು ಉಳಿದಿವೆ. ಇದನ್ನು ಹೇಳದೆ ಬ್ರೌನ್‌ಸ್ಟೋನ್ ಚಂದ ಅಂತ ಹೊಗಳುವುದು ನನಗೆ ಸರಿ ಕಾಣುವುದಿಲ್ಲ.

1960ರ ದಶಕದಿಂದ ಹೊಸಬರು ಕೊಂಡು ರಿಪೇರಿ ಮಾಡಿಸತೊಡಗಿದರು. ಬೆಲೆ ಏರಿತು. ಈಗ ಒಳ್ಳೆಯ ಬೀದಿಯಲ್ಲಿ ಮಿಲಿಯನ್‌ಗಟ್ಟಲೆ ಡಾಲರ್. ಹಳೆಯ ಮನೆಯವರಿಗೆ ಆಸ್ತಿ ತೆರಿಗೆಯ ಹೊರೆ, ದಲ್ಲಾಳಿಗಳ ಕಾಟ. ಮೋಸದ ಕಾಗದಕ್ಕೆ ಸಹಿ ಹಾಕಿಸಿ ಮನೆ ಲಪಟಾಯಿಸುವವರೂ ಇದ್ದಾರೆ.

## ಕಲ್ಲು ಉದುರುವುದು, ರಿಪೇರಿ

ನಮ್ಮ ಬಾದಾಮಿ ಗುಹೆ 1400 ವರ್ಷದಿಂದ ನಿಂತಿದೆ. ಅದೂ ಮರಳುಗಲ್ಲೇ ತಾನೇ? ಇವರದು 150 ವರ್ಷಕ್ಕೇ ಯಾಕೆ ಉದುರುತ್ತೆ?

ಇದು ನನ್ನ ಅಣ್ಣ ಕೇಳಿದ್ದು. ನನಗೆ ಅತಿ ಇಷ್ಟದ ಪ್ರಶ್ನೆ.

ಬಾದಾಮಿಯ ಮೂರನೇ ಗುಹೆಯ ಶಾಸನ ಕ್ರಿ.ಶ. 578ರದು. ಆ ಕಲ್ಲು ಇದಕ್ಕಿಂತ ಎಷ್ಟೋ ಹಳೆಯದು, ಗಟ್ಟಿ. ಅದರ ಮರಳುಕಣ ಹೆಚ್ಚಾಗಿ ಬೆಣಚು, ಅಂಟೂ ಬಿಗಿ. ಬ್ರೌನ್‌ಸ್ಟೋನಿನಲ್ಲಿ ಜೇಡಿ, ಅಭ್ರಕ ಬೆರೆತಿದೆ. ಅದು ನೀರು ಕುಡಿಯುತ್ತದೆ.

ಎರಡನೆಯದು ಚಳಿ. ನ್ಯೂಯಾರ್ಕಿನಲ್ಲಿ ಚಳಿಗಾಲದ ಹಗಲು ಹಿಮ ಕರಗಿ ಕಲ್ಲಿನೊಳಗೆ ಇಳಿಯುತ್ತದೆ, ರಾತ್ರಿ ಅದೇ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ. ಒಂದೇ ಚಳಿಗಾಲದಲ್ಲಿ ಹೀಗೆ ಎಷ್ಟೋ ಸಲ. ಬಾದಾಮಿಯಲ್ಲಿ ನೀರು ಹೆಪ್ಪುಗಟ್ಟುವುದೇ ಇಲ್ಲ.

ಮೂರನೆಯದೇ ದೊಡ್ಡದು, ಅದು ಮನುಷ್ಯರು ಮಾಡಿದ್ದು. ಮರಳುಗಲ್ಲು ಪದರ ಪದರವಾಗಿ ಹುಟ್ಟುತ್ತದೆ. ಒಂದರ ಮೇಲೊಂದು ಪೇರಿಸಿದ ದೋಸೆಗಳನ್ನು ನೆನೆಸಿಕೊಳ್ಳಿ. ಮಲಗಿರುವಷ್ಟು ಹೊತ್ತು ಮೇಲಿನ ಭಾರ ಕೆಳಗಿನವುಗಳನ್ನು ಒತ್ತಿ ಹಿಡಿದಿರುತ್ತದೆ. ಅದೇ ದೋಸೆಗಳನ್ನು ಎತ್ತಿ ಗೋಡೆಗೆ ಆನಿಸಿ ನಿಲ್ಲಿಸಿದರೆ ಮುಂದಿನದು ಮೊದಲು ಕಳಚಿ ಬೀಳುತ್ತದೆ, ಆಮೇಲೆ ಅದರ ಹಿಂದಿನದು. ಬಾದಾಮಿಯ ಗುಹೆಯಲ್ಲಿ ಬೆಟ್ಟದ ಪದರಗಳು ಹುಟ್ಟಿದ ಹಾಗೇ ಮಲಗಿವೆ. ಇಲ್ಲಿ ಬಿಲ್ಡರ್‌ಗಳಿಗೆ ಅಗಲವಾದ ತೆಳು ಹಲಗೆ ಬೇಕಿತ್ತು. ಪದರದ ಗುಂಟ ಸೀಳಿದರೆ ಹಲಗೆ ಬೇಗ ಸಿಗುತ್ತದೆ. ಅದನ್ನು ನಿಲ್ಲಿಸಿ ಮುಂಗೋಡೆಗೆ ಹಚ್ಚಿದರು. ಪದರಗಳು ಬೀದಿಗೆ ಮುಖ ಮಾಡಿ ನಿಂತವು, ಹಿಂದೆ ನೀರು ಇಳಿಯಿತು, ಹಪ್ಪಳ ಎದ್ದ ಹಾಗೆ ಎದ್ದು ಉದುರಿತು.

ಇನ್ನೊಂದು, ಗಣಿಯಿಂದ ತೆಗೆದ ಹಸಿ ಕಲ್ಲನ್ನು ಬಯಲಲ್ಲಿ ಇಟ್ಟು ಒಣಗಿಸಬೇಕು. ಬೇಡಿಕೆ ಏರಿದಾಗ ಅದಕ್ಕೂ ಪುರುಸೊತ್ತು ಸಿಗಲಿಲ್ಲ. ‘ಬ್ರೌನ್‌ಸ್ಟೋನ್ ಕೆಟ್ಟ ಕಲ್ಲು’ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಹುಟ್ಟಿದ ಹಾಗೆ ಮಲಗಿಸಿ ಕೂರಿಸಿದ ಕಡೆ ಉಳಿಯ ಗುರುತು ಇನ್ನೂ ಚೂಪಾಗಿರುವುದನ್ನು ನಾನೇ ನೋಡಿದ್ದೇನೆ.

ನಮ್ಮ ಗೋಡೆಯ ಕಲ್ಲು ನಿಂತಿದೆಯೋ ಮಲಗಿದೆಯೋ ಹೇಗೆ ಗೊತ್ತಾಗುತ್ತೆ?

ಇಳಿಬಿಸಿಲು ಗೋಡೆಗೆ ಓರೆಯಾಗಿ ಬೀಳುವಾಗ ಹತ್ತಿರ ನಿಂತು ನೋಡಿ. ಅಡ್ಡಡ್ಡ ಸಣ್ಣ ಗೆರೆಗಳು ಕಂಡರೆ ಮಲಗಿದೆ. ಗೆರೆಯೇ ಇಲ್ಲದೆ ಮೈತುಂಬ ಅಭ್ರಕದ ಚುಕ್ಕೆಗಳು ಮಿನುಗಿದರೆ ನಿಂತಿದೆ, ಯಾಕೆಂದರೆ ಅಭ್ರಕದ ರೇಕುಗಳು ಪದರದ ಮೇಲೇ ಹಾಸಿಕೊಂಡಿರುತ್ತವೆ. ಇವೆರಡೂ ಕಾಣದೆ ಬಣ್ಣ ಒಂದೇ ಸಮ ಇದ್ದು, ಕೂದಲೆಳೆಯ ಬಿರುಕುಗಳು ಬಲೆಯಂತೆ ಹರಡಿದ್ದರೆ ಅದು ಕಲ್ಲೇ ಅಲ್ಲದಿರಬಹುದು. ಕಂದು ಬಣ್ಣ ಬೆರೆಸಿದ ಗಾರೆ ಮೆತ್ತಿ, ಸಂದಿನ ಗೆರೆ ಎಳೆದ ಮನೆಗಳು ಬ್ರೂಕ್ಲಿನ್‌ನಲ್ಲಿ ಬಹಳ ಇವೆ.

ಪೇಂಟ್ ಹೊಡೆದುಬಿಟ್ರೆ ನೀರು ಒಳಗೆ ಹೋಗಲ್ಲ ಅಲ್ವಾ?

ಬೇಡ. ನೀರು ಬರೀ ಮುಂದಿನಿಂದ ಬರುವುದಿಲ್ಲ. ಸೂರಿನ ಅಂಚು, ಕಿಟಕಿಯ ಸಂದು, ನೆಲದ ತೇವ, ಎಲ್ಲ ಕಡೆಯಿಂದ ಬರುತ್ತದೆ. ಮುಖಕ್ಕೆ ಪೇಂಟ್ ಬಿದ್ದರೆ ಒಳಗಿನ ತೇವ ಆರಲು ದಾರಿಯಿಲ್ಲ. ಪೇಂಟಿನ ಹಿಂದೆಯೇ ಕಲ್ಲು ಪುಡಿಯಾಗುತ್ತದೆ. ಮೊದಲು ಸೂರಿನ ಕೊಳವೆ, ತಗಡು ಸರಿಮಾಡಿಸಿ. ಅರ್ಧ ಕಾಯಿಲೆ ಅಲ್ಲೇ ವಾಸಿ.

ಸರಿಯಾದ ರಿಪೇರಿ ಹೇಗೆ ಮಾಡ್ತಾರೆ? ಸಿಮೆಂಟ್ ಮೆತ್ತಿದ್ರೆ ಸಾಲ್ದಾ?

ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬ ಗುತ್ತಿಗೆದಾರ ಎರಡು ದಿನದಲ್ಲಿ ಕಿಟಕಿಯ ಕೆಳಗೆಲ್ಲ ಗಟ್ಟಿ ಸಿಮೆಂಟ್ ಮೆತ್ತಿ ಹೋದ. ಮೂರನೇ ಚಳಿಗಾಲ ಕಳೆದ ಮೇಲೆ, ಮಾರ್ಚಿನ ಒಂದು ಬೆಳಿಗ್ಗೆ, ಊಟದ ತಟ್ಟೆಯಷ್ಟಗಲದ ಚೂರು ನನ್ನ ಬಾಗಿಲ ಮುಂದೆ ಬಿದ್ದಿತ್ತು. ತಿರುಗಿಸಿ ನೋಡಿದೆ. ಸಿಮೆಂಟಿಗೆ ಏನೂ ಆಗಿರಲಿಲ್ಲ. ಅದರ ಬೆನ್ನಿಗೆ ಒಂದು ಬೆರಳು ದಪ್ಪದ ಒಳ್ಳೆಯ ಕಲ್ಲು ಅಂಟಿಕೊಂಡು ಕಿತ್ತು ಬಂದಿತ್ತು. ಮೆದು ಕಲ್ಲಿಗೆ ಅದಕ್ಕಿಂತ ಗಟ್ಟಿಯಾದದ್ದನ್ನು ಅಂಟಿಸಿದರೆ ಸೋಲುವುದು ಕಲ್ಲೇ.

ಆಮೇಲೆ ಬಂದ ಮೇಸ್ತ್ರಿ ಮೊದಲ ದಿನವಿಡೀ ಮರದ ಸುತ್ತಿಗೆಯಿಂದ ಗೋಡೆಯನ್ನು ತಟ್ಟುತ್ತಾ ಹೋದ, ಹಲಸಿನಹಣ್ಣು ತಟ್ಟಿ ನೋಡುವ ಹಾಗೆ. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದ ಗುರುತು. ಗುರುತು ಮಾಡಿದ್ದನ್ನೆಲ್ಲ ಗಟ್ಟಿ ಕಲ್ಲು ಸಿಗುವವರೆಗೆ ಕೆತ್ತಿ ತೆಗೆದರು. ಅಂಚನ್ನು ಒಳಗಡೆ ಅಗಲವಾಗುವಂತೆ ಓರೆಯಾಗಿ ಕೊರೆದರು, ಹೊಸದು ಕಚ್ಚಿಕೊಳ್ಳಲಿ ಅಂತ. ಆಳವಿದ್ದ ಕಡೆ ತುಕ್ಕು ಹಿಡಿಯದ ಸ್ಟೀಲ್ ಕಡ್ಡಿ. ತೊಳೆದು, ಒದ್ದೆಯಿರುವಾಗಲೇ ತೆಳು ಗಾರೆಯ ನೀರು ಬಳಿದು, ಮೇಲೆ ಒರಟು ಪದರ. ಆ ಪದರಕ್ಕೆ ಸಾಮಾನ್ಯ ಅಳತೆ ಒಂದು ಪಾಲು ಬಿಳಿ ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಮರಳು. ಸುಣ್ಣವಿದ್ದರೆ ಗಾರೆ ಮೆದುವಾಗುತ್ತದೆ, ಉಸಿರಾಡುತ್ತದೆ. ಕೊನೆಯ ಪದರಕ್ಕೆ ಕಲ್ಲಿನ ಪುಡಿ, ಬಣ್ಣದ ಪುಡಿ ಬೆರೆಸುತ್ತಾರೆ. ಆಮೇಲೆ ಮೇಲ್ಮೈ ತುಸು ಉಜ್ಜಿಯೋ ತೆಳು ಆಸಿಡ್ಡಿನಲ್ಲಿ ತೊಳೆದೋ ಮರಳು ಕಾಣುವಂತೆ ಮಾಡುತ್ತಾರೆ. ಚೆನ್ನಾಗಿ ಕ್ಯೂರಿಂಗ್ ಆಗಬೇಕು. ಹೆಪ್ಪುಗಟ್ಟುವ ಚಳಿಯಲ್ಲಿ ಈ ಕೆಲಸ ಮಾಡಿಸಲೇಬೇಡಿ, ಎಷ್ಟೇ ಕಡಿಮೆ ರೇಟು ಹೇಳಿದರೂ.

ನಮ್ಮ ಮನೆ, ನಮ್ಮ ಗೋಡೆ. ಪರ್ಮಿಷನ್ ಯಾಕೆ ಬೇಕು?

ಮನೆ ಐತಿಹಾಸಿಕ ವಲಯದಲ್ಲಿದ್ದರೆ ಬೇಕು. ಮ್ಯಾನ್‌ಹ್ಯಾಟನ್ನಿನಲ್ಲಿದ್ದ ಹಳೆಯ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು 1963ರಲ್ಲಿ ಕೆಡವಲು ಶುರುಮಾಡಿದಾಗ ಊರಿಗೆ ಎಚ್ಚರವಾಯಿತು. 1965ರಲ್ಲಿ ಹಳೆಯ ಕಟ್ಟಡಗಳನ್ನು ಉಳಿಸುವ ಕಾನೂನು ಬಂತು, ಅದೇ ವರ್ಷ ಬ್ರೂಕ್ಲಿನ್ ಹೈಟ್ಸ್ ನಗರದ ಮೊದಲ ಐತಿಹಾಸಿಕ ವಲಯವಾಯಿತು. ಅಂಥ ಕಡೆ ಮುಂಗೋಡೆ, ಕಿಟಕಿ, ಸ್ಟೂಪ್ ಮುಟ್ಟುವ ಮುಂಚೆ ಲ್ಯಾಂಡ್‌ಮಾರ್ಕ್ಸ್ ಆಯೋಗದ ಒಪ್ಪಿಗೆ ಪಡೆಯಬೇಕು. ಕಾಗದಪತ್ರಕ್ಕೆ ಹೊತ್ತು ಹಿಡಿಯುತ್ತದೆ ನಿಜ. ಆದರೆ ಸಾಲಿನ ಮಧ್ಯೆ ಸ್ಟೂಪ್ ಒಡೆದು ತೆಗೆದ ಒಂದು ಮನೆ ನೋಡಿ, ಹಲ್ಲು ಬಿದ್ದ ಬಾಯಿಯಂತೆ ಇಡೀ ಬೀದಿಯೇ ಬೋಳು ಕಾಣುತ್ತದೆ.

ಒಂದು ಮನೆ ನೋಡಿದೀವಿ, ಕೊಳ್ಳೋ ಮುಂಚೆ ಏನೇನು ಪರೀಕ್ಷೆ ಮಾಡ್ಬೇಕು?

ಪಾರ್ಲರಿನ ಕನ್ನಡಿಗೆ ಮರುಳಾಗುವ ಮೊದಲು ನೆಲಮಾಳಿಗೆಗೆ ಇಳಿಯಿರಿ. ತೊಲೆಗಳು ಗೋಡೆಯೊಳಗೆ ಕೂರುವ ತುದಿಯನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಮೆತ್ತಗಿದ್ದರೆ ತೇವ ತಿಂದಿದೆ. ಆಮೇಲೆ ಸೂರು ಹತ್ತಿ. ಮುಂಗೋಡೆಯನ್ನು ಮಳೆ ನಿಂತ ಮಾರನೆಯ ದಿನ ನೋಡಿ, ಎಲ್ಲ ಆರಿದ ಮೇಲೂ ಕಪ್ಪಾಗಿ ಉಳಿದ ಜಾಗದಲ್ಲೇ ನೀರು ಕೂತಿದೆ.

ಸ್ಟೂಪಿನ ಕೆಳಗಿನ ಎರಡು ಮೆಟ್ಟಿಲು ನೋಡುವುದನ್ನು ಮರೆಯಬೇಡಿ. ಹಿಮ ಬಿದ್ದಾಗ ಜನ ಸುಮ್ನೆ ಕಲ್ಲುಪ್ಪು ಸುರಿದುಬಿಡುತ್ತಾರೆ. ಉಪ್ಪು ನೀರಿನ ಜೊತೆ ಕಲ್ಲಿನೊಳಗೆ ಹೋಗಿ, ಒಣಗುವಾಗ ಹರಳಾಗಿ ಉಬ್ಬಿ, ಹಿಮಕ್ಕಿಂತ ಬೇಗ ಪುಡಿಮಾಡುತ್ತದೆ. ಅಂಗೈಯಿಂದ ಮೆಟ್ಟಿಲಿನ ಅಂಚು ಸವರಿ. ಕೈಗೆ ಕಂದು ಮರಳು ಹತ್ತಿದರೆ ಆ ಮೆಟ್ಟಿಲಿಗೆ ಕೆಲಸವಿದೆ, ಬೆಲೆ ಮಾತಾಡುವಾಗ ಲೆಕ್ಕಕ್ಕೆ ಹಿಡಿಯಿರಿ. ಮನೆ ಕೈಗೆ ಬಂದ ಮೇಲೆ ಮೊದಲ ಚಳಿಗಾಲಕ್ಕೆ ಉಪ್ಪಿನ ಬದಲು ಒಂದು ಚೀಲ ಮರಳು ತಂದಿಟ್ಟುಕೊಳ್ಳಿ.